ದತ್ತಿಯ ಲೆಕ್ಕ: ವಿಶ್ವವಿದ್ಯಾಲಯದ ಪ್ರದರ್ಶನ ಕಲೆ ಮತ್ತು ಊರಿನ ಶಾಲೆ



ಇದು ದತ್ತಿ ಉಪನ್ಯಾಸವಾದ್ದರಿಂದ ದತ್ತಿ ಎಂಬ ಮಾತಿನಿಂದಲೇ ಆರಂಭಿಸುತ್ತೇನೆ. ಇಂದು ನಾನು ಹೇಳಬೇಕೆಂದಿರುವುದರ ತಿರುಳು ಆ ಮಾತಿನಲ್ಲೇ ಇದೆ. ದಾನ ಕೊಟ್ಟ ದಿನಕ್ಕೇ ಮುಗಿಯುತ್ತದೆ. ದತ್ತಿ ಕೊಟ್ಟ ದಿನದಿಂದ ಶುರುವಾಗುತ್ತದೆ. ಅದರ ಮೂಲಧನಕ್ಕೆ ಯಾರೂ ಕೈ ಹಚ್ಚುವಂತಿಲ್ಲ, ಅದರಿಂದ ಹುಟ್ಟಿದ ಬಡ್ಡಿಯಲ್ಲಿ ವರ್ಷ ವರ್ಷವೂ ಅದೇ ಕೆಲಸ ನಡೆಯಬೇಕು. ನಮ್ಮ ಶಾಸನಗಳ ತುಂಬ ಇಂಥ ದತ್ತಿಗಳಿವೆ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ಕ್ರಿ.ಶ. 945ರ ಒಂದು ಶಾಸನವಿದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿಯಾಗಿದ್ದ ನಾರಾಯಣನೆಂಬವನು ಅಲ್ಲೊಂದು ವಿದ್ಯಾಶಾಲೆ ಕಟ್ಟಿಸಿದ. ನಾನಾ ದೇಶಗಳ ವಿದ್ಯಾರ್ಥಿಗಳು ಬಂದು ಓದುವುದಕ್ಕಾಗಿ ಭೂಮಿ ಬಿಡಲಾಯಿತು. ಅಷ್ಟೇ ಆಗಿದ್ದರೆ ಅದು ನೂರರಲ್ಲಿ ಒಂದು ಶಾಸನವಾಗುತ್ತಿತ್ತು. ಊರಿನವರು ತಮ್ಮ ಮನೆಯ ಮದುವೆ, ಮುಂಜಿ, ಚೌಲಗಳಲ್ಲಿ ಆ ಶಾಲೆಗೆ ಇಂತಿಷ್ಟು ನಾಣ್ಯ ಸಲ್ಲಿಸಬೇಕೆಂಬ ಕಟ್ಟಳೆಯೂ ಅದರಲ್ಲಿದೆ. ಊರಿನ ಮಂಗಳಕಾರ್ಯಕ್ಕೂ ಊರಿನ ವಿದ್ಯಾಲಯಕ್ಕೂ ಅಲ್ಲಿ ಗಂಟು ಬಿದ್ದಿತ್ತು. ಆ ವಿದ್ಯೆ ಅಂದು ಎಲ್ಲರಿಗೂ ಸಿಗುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ಊರು ಕೊಟ್ಟಿತು, ಊರಿನ ಎಲ್ಲ ಮಕ್ಕಳಿಗೂ ಅದು ಮರಳಿ ಬರಲಿಲ್ಲ. ಆ ಬಾಕಿಯನ್ನು ತೀರಿಸುವ ಹೊಣೆ ಇಂದಿನ ವಿಶ್ವವಿದ್ಯಾಲಯಗಳ ಮೇಲಿದೆ, ಅದರಲ್ಲೂ ಸಂಗೀತ, ನೃತ್ಯ, ನಾಟಕ, ಯಕ್ಷಗಾನ, ಜಾನಪದ ಕಲೆಗಳನ್ನು ಪದವಿಯ ವಿಷಯವಾಗಿಸಿಕೊಂಡ ವಿಭಾಗಗಳ ಮೇಲೆ ಎಲ್ಲಕ್ಕಿಂತ ಹೆಚ್ಚಾಗಿದೆ.

ಈ ಹೊಣೆಗೆ ಸರ್ಕಾರಿ ಭಾಷೆಯಲ್ಲಿ ಒಂದು ಹೆಸರಿದೆ, ವಿಸ್ತರಣೆ. ಬೋಧನೆ ಮತ್ತು ಸಂಶೋಧನೆಗಳ ಜೊತೆಗೆ ವಿಸ್ತರಣೆಯೂ ಉನ್ನತ ಶಿಕ್ಷಣದ ಮೂರನೆಯ ಆಯಾಮವೆಂದು ಯುಜಿಸಿ 1977ರಲ್ಲೇ ಒಪ್ಪಿಕೊಂಡಿತು. ನ್ಯಾಕ್ ಮೌಲ್ಯಮಾಪನದ ಮೂರನೆಯ ಮಾನದಂಡದಲ್ಲಿ ಸಂಶೋಧನೆ, ನಾವೀನ್ಯದೊಂದಿಗೆ ವಿಸ್ತರಣೆಯೂ ಸೇರಿದೆ. ಕಳೆದ ಐದು ವರ್ಷಗಳಲ್ಲಿ ಎಷ್ಟು ಕಾರ್ಯಕ್ರಮ ಮಾಡಿದಿರಿ ಎಂದು ಅದು ಕೇಳುತ್ತದೆ. ಎಷ್ಟು ಎಂದು ಕೇಳಿದರೆ ಉತ್ತರವೂ ಎಷ್ಟು ಎಂಬುದರಲ್ಲೇ ಬರುತ್ತದೆ. ಒಂದು ಬಸ್ಸು, ಒಂದು ಬ್ಯಾನರು, ಶಾಲೆಯ ಅಂಗಳದಲ್ಲಿ ಒಂದು ಗಂಟೆಯ ನೃತ್ಯ, ಮುಖ್ಯೋಪಾಧ್ಯಾಯರಿಗೆ ಶಾಲು, ಒಂದಷ್ಟು ಛಾಯಾಚಿತ್ರ, ವರದಿಯಲ್ಲಿ ಒಂದು ಸಾಲು. ಮುಂದಿನ ವರ್ಷ ಬೇರೆ ಶಾಲೆ, ಏಕೆಂದರೆ ಹೊಸ ಹೆಸರು ಪಟ್ಟಿಯನ್ನು ಉದ್ದ ಮಾಡುತ್ತದೆ. ಇದರಲ್ಲಿ ಯಾರದೂ ಕೆಟ್ಟ ಉದ್ದೇಶವಿಲ್ಲ. ಆದರೆ ಇದು ದಾನದ ಲೆಕ್ಕ. ಪ್ರದರ್ಶನ ಕಲೆಗಳಿಗೆ ದತ್ತಿಯ ಲೆಕ್ಕ ಬೇಕು ಎಂಬುದು ನನ್ನ ವಾದ. ಹತ್ತು ಶಾಲೆಗೆ ಒಂದೊಂದು ಸಲ ಹೋಗುವುದಕ್ಕಿಂತ ಒಂದೇ ಶಾಲೆಗೆ ಹತ್ತು ವರ್ಷ ಹೋಗುವುದು ಮೇಲು; ಹಾಗೆ ಹೋಗುವಾಗ ಆ ಊರಿನ ಕಲೆಯೇ ಮೂಲಧನವೆಂದು ತಿಳಿದು, ಕೊಡುವಷ್ಟನ್ನೇ ಅಲ್ಲಿಂದ ಕಲಿತು ಬರಬೇಕು.

ವಿಶ್ವವಿದ್ಯಾಲಯ ಜನರ ಬಳಿಗೆ ಹೋಗುವುದು ಕನ್ನಡಕ್ಕೆ ಹೊಸತಲ್ಲ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯ 1930ರ ದಶಕದಲ್ಲಿ ಪ್ರಚಾರೋಪನ್ಯಾಸಗಳನ್ನು ಶುರುಮಾಡಿ, ವಿಜ್ಞಾನ, ಚರಿತ್ರೆ, ಸಾಹಿತ್ಯಗಳ ತಿಳಿವನ್ನು ಊರೂರಿಗೆ ಕನ್ನಡದಲ್ಲಿ ಒಯ್ದಿತು. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಆ ದಾರಿ ಹಿಡಿಯಿತು. ಆ ಪರಂಪರೆ ಗೆದ್ದದ್ದಕ್ಕೆ ಒಂದು ಸ್ಪಷ್ಟ ಕಾರಣವಿದೆ: ಉಪನ್ಯಾಸ ಮುಗಿದ ಮೇಲೆ ಪುಸ್ತಕ ಉಳಿಯಿತು. ಪ್ರಾಧ್ಯಾಪಕರು ಊರು ಬಿಟ್ಟರೂ ಕಡಿಮೆ ಬೆಲೆಯ ಆ ಪುಟ್ಟ ಹೊತ್ತಗೆ ಶಾಲೆಯ ಬೀರುವಿನಲ್ಲಿ ಇರುತ್ತಿತ್ತು, ಬೇಕಾದಾಗ ಯಾರಾದರೂ ತೆರೆಯಬಹುದಿತ್ತು. ನಮ್ಮ ಇಂದಿನ ಕಲಾ ವಿಸ್ತರಣೆ ಅರಿತೋ ಅರಿಯದೆಯೋ ಇದೇ ಮಾದರಿಯನ್ನು ಹಿಡಿದುಕೊಂಡಿದೆ. ಆದರೆ ಸ್ವರ, ಲಯ, ಹೆಜ್ಜೆಗಳು ಬೀರುವಿನಲ್ಲಿ ಉಳಿಯುವುದಿಲ್ಲ. ಅವು ಉಳಿಯುವುದು ಗಂಟಲಲ್ಲಿ, ಮೈಯಲ್ಲಿ. ಕಂಡದ್ದು ಬೆರಗು ಹುಟ್ಟಿಸುತ್ತದೆ, ಮಾಡಿದ್ದು ಮಾತ್ರ ಮೈಗೂಡುತ್ತದೆ. ಒಂದು ಗಂಟೆಯ ಭರತನಾಟ್ಯ ನೋಡಿದ ಮಗು ಮನೆಗೆ ಬೆರಗನ್ನು ಒಯ್ಯುತ್ತದೆ. ಆ ಬೆರಗು ಅಮೂಲ್ಯ, ಆದರೆ ಅದನ್ನು ಹಿಡಿದು ಮುಂದಿನ ಹೆಜ್ಜೆ ಇಡಿಸಲು ಮಾರನೆಯ ದಿನ ಅಲ್ಲಿ ಯಾರೂ ಇರುವುದಿಲ್ಲ.

ಹತ್ತಿರದ ಒಂದು ಉದಾಹರಣೆ ನೋಡೋಣ. ನಮ್ಮ ಶಾಲೆಗಳ ದಿನ ಪ್ರಾರ್ಥನೆಯಿಂದ, ನಾಡಗೀತೆಯಿಂದ ಶುರುವಾಗುತ್ತದೆ. 2022ರಲ್ಲಿ ಸರ್ಕಾರ ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಗೊತ್ತುಪಡಿಸಿ, ಹಾಡಲು 2 ನಿಮಿಷ 30 ಸೆಕೆಂಡು ಕಾಲವನ್ನೂ ನಿಗದಿ ಮಾಡಿತು. ಅಂದರೆ ಪ್ರತಿ ಶಾಲೆಯಲ್ಲೂ ಪ್ರತಿದಿನ ಎರಡೂವರೆ ನಿಮಿಷದ ಒಂದು ಸಮೂಹಗಾಯನ ಆದೇಶದ ಬಲದಿಂದಲೇ ನಡೆಯುತ್ತಿದೆ. ಅದು ಹೇಗೆ ನಡೆಯುತ್ತದೆಂದು ಕಿವಿಗೊಟ್ಟು ಕೇಳಿ. ಮುಂದೆ ನಿಂತ ಇಬ್ಬರು ತಮಗೆ ತೋಚಿದ ಎತ್ತರದಲ್ಲಿ ಎತ್ತಿಕೊಳ್ಳುತ್ತಾರೆ. ಏಳನೆಯ ತರಗತಿಯ ಹುಡುಗರ ದನಿ ಒಡೆಯುತ್ತಿರುವ ಕಾಲ, ಅವರಿಗೆ ಮೇಲಿನ ಸ್ವರ ಎಟುಕುವುದಿಲ್ಲ. ಒಂದನೆಯ ತರಗತಿಯವರಿಗೆ ಕೆಳಗಿನದು ಸಿಕ್ಕುವುದಿಲ್ಲ. ಸಿಕ್ಕದವರು ಕೂಗುತ್ತಾರೆ, ಇಲ್ಲವೇ ಬರೀ ತುಟಿ ಆಡಿಸುತ್ತಾರೆ. ಸಂಗೀತ ಪದವಿಯ ಒಬ್ಬ ವಿದ್ಯಾರ್ಥಿ ವಾರಕ್ಕೆರಡು ಬೆಳಗ್ಗೆ ಅಲ್ಲಿಗೆ ಹೋದರೆ ಮಾಡಬಹುದಾದದ್ದು ಎಷ್ಟಿದೆ! ಎಲ್ಲರಿಗೂ ಎಟುಕುವ ಶ್ರುತಿಯೊಂದನ್ನು ಹುಡುಕಿಕೊಡುವುದು. ಹಾಡುವ ಮುನ್ನ ಅರ್ಧ ನಿಮಿಷ ಆ ಶ್ರುತಿಯನ್ನು ಸುಮ್ಮನೆ ಕೇಳಿಸುವುದು. ಬಾಯಿ ಮುಚ್ಚಿ ಅದನ್ನೇ ಗುನುಗಿಸುವುದು. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ತೋರಿಸುವುದು. ಇದಕ್ಕೆ ವೇದಿಕೆ ಬೇಡ, ಧ್ವನಿವರ್ಧಕ ಬೇಡ, ಬೇರೆ ಪೀರಿಯಡ್ಡೂ ಬೇಡ. ಬೇಕಾದದ್ದು ಒಂದು ಇಡೀ ವರ್ಷ, ಬಿಡದೆ ಮರಳಿ ಬರುವ ಒಬ್ಬ ಮನುಷ್ಯ. ವರ್ಷದ ಕೊನೆಗೆ ಆ ಮಕ್ಕಳಿಗೆ ಪಕ್ಕದವನ ದನಿ ಕೇಳಿಕೊಂಡು ತನ್ನ ದನಿ ಸೇರಿಸುವುದು ಬರುತ್ತದೆ. ಸಂಗೀತದ ಮೊದಲ ಪಾಠ ಅದೇ, ಕೂಡಿ ಬಾಳುವುದರ ಮೊದಲ ಪಾಠವೂ ಅದೇ.

ಮರಳಿ ಮರಳಿ ಹೋಗುವುದರಿಂದ ಏನಾಗುತ್ತದೆ ಎಂಬುದಕ್ಕೆ ಕರಾವಳಿಯಲ್ಲಿ ಪುರಾವೆಯಿದೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು, ಕೆ.ಎಸ್. ಹರಿದಾಸ ಭಟ್ಟರು ಅದನ್ನು ಕಟ್ಟಿದರು, ಶಿವರಾಮ ಕಾರಂತರು ಅದಕ್ಕೆ ದಿಕ್ಕು ತೋರಿದರು. ಮೇಳದ ಚೌಕಿಯಲ್ಲಿ ಮಾತ್ರ ಸಿಗುತ್ತಿದ್ದ ವಿದ್ಯೆಗೆ ಅಲ್ಲೊಂದು ಪಾಠಶಾಲೆಯ ಶಿಸ್ತು ಬಂತು. ಆ ಬಳಿಕ ಉಡುಪಿಯ ಯಕ್ಷಗಾನ ಕಲಾರಂಗ ಮತ್ತು ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಿಗೆ ಗುರುಗಳನ್ನು ಕಳುಹಿಸಿದವು. ಅಲ್ಲಿನ ಕ್ರಮ ಸರಳ: ಶಾಲೆಯ ವರ್ಷ ಶುರುವಾದ ಮೇಲೆ ಪಾಠ ಶುರು, ತಾಳ, ಹೆಜ್ಜೆ, ಅಭಿನಯ, ಅರ್ಥಗಾರಿಕೆಗಳ ತಿಂಗಳುಗಟ್ಟಲೆಯ ಅಭ್ಯಾಸ, ವರ್ಷದ ಕೊನೆಯಲ್ಲಿ ಊರ ಮುಂದೆ ಕಿಶೋರ ಯಕ್ಷಗಾನ. ಪ್ರದರ್ಶನ ಅಲ್ಲಿ ಕಲಿಕೆಯ ಫಲವಾಗಿ ಕೊನೆಗೆ ಬರುತ್ತದೆ. ಅರ್ಥಗಾರಿಕೆಯನ್ನಷ್ಟೇ ತೆಗೆದುಕೊಳ್ಳಿ. ಭಾಗವತರು ಪದ ಹಾಡಿ ನಿಲ್ಲಿಸಿದೊಡನೆ ಅದರ ಅರ್ಥವನ್ನು ಪಾತ್ರಕ್ಕೆ ತಕ್ಕಂತೆ ಮಾತಿನಲ್ಲಿ ಬೆಳೆಸಬೇಕು, ಎದುರಾಳಿಯ ಪ್ರಶ್ನೆಗೆ ಉತ್ತರ ಕೊಡಬೇಕು, ಅದೂ ಇಂಗ್ಲಿಷ್ ಪದ ನುಸುಳದ ಕನ್ನಡದಲ್ಲಿ. ಹದಿಮೂರು ವರ್ಷದ ಹುಡುಗಿಯೊಬ್ಬಳು ಬಭ್ರುವಾಹನನಾಗಿ ಅರ್ಜುನನೊಡನೆ ವಾದಿಸಲು ಕಲಿತರೆ ವ್ಯಾಕರಣದ ತರಗತಿ ಕೊಡಲಾರದ ಭಾಷೆಯ ಬಲವೊಂದು ಅವಳಿಗೆ ಬರುತ್ತದೆ. ಒಂದು ದಿನದ ಕಾರ್ಯಾಗಾರದಿಂದ ಅದು ಆಗುವ ಮಾತಲ್ಲ.

ಉತ್ತರ ಕರ್ನಾಟಕದ ಪುರಾವೆ ಇನ್ನೂ ಹಳೆಯದು, ಇನ್ನೂ ಆಳವಾದದ್ದು. ಅಂಧ ಗಾಯಕರಾದ ಪಂಚಾಕ್ಷರಿ ಗವಾಯಿಗಳು ಹಾನಗಲ್ಲ ಕುಮಾರಸ್ವಾಮಿಗಳ ಆಶೀರ್ವಾದದಿಂದ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕಟ್ಟಿಕೊಂಡು ಸಂಚಾರಿ ಸಂಗೀತ ಪಾಠಶಾಲೆ ನಡೆಸಿದರು. ಶಾಲೆಯೇ ಊರಿಂದೂರಿಗೆ ನಡೆಯುತ್ತಿತ್ತು. ಊರವರು ಅನ್ನ ಕೊಟ್ಟರು, ಶಾಲೆ ಹಾಡು ಕೊಟ್ಟಿತು. ಅದು ಗದಗಿನಲ್ಲಿ ನೆಲೆಯೂರಿ ವೀರೇಶ್ವರ ಪುಣ್ಯಾಶ್ರಮವಾಯಿತು, ಪುಟ್ಟರಾಜ ಗವಾಯಿಗಳ ಕಾಲದಲ್ಲಿ ಹೆಮ್ಮರವಾಯಿತು. ಅಲ್ಲಿ ಕಲಿತವರು ನಾಡಿನ ಎಷ್ಟೋ ಶಾಲೆಗಳಲ್ಲಿ ಸಂಗೀತದ ಮೇಷ್ಟರಾದರು. ಮಲೆನಾಡಿನ ಹೆಗ್ಗೋಡಿನ ಕಥೆಯೂ ಇದೇ ಜಾಡಿನದು. 1949ರಲ್ಲಿ ಹುಟ್ಟಿದ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು, 1985ರಲ್ಲಿ ತಿರುಗಾಟವೆಂಬ ಸಂಚಾರಿ ನಾಟಕ ತಂಡವನ್ನು ಹೊರಡಿಸಿತು. ಒಂದೇ ಹಳ್ಳಿಯಲ್ಲಿ ಮೂರು ದಶಕ ಬೇರು ಬಿಟ್ಟ ಮೇಲೆ ಅದು ನಾಡು ಸುತ್ತಲು ಹೊರಟಿತು. ತಿರುಗಾಟದ ನಾಟಕಗಳು ಪ್ರತಿ ವರ್ಷ ಮರಳಿ ಬರುತ್ತವೆಂಬ ನಂಬಿಕೆಯಿಂದಲೇ ಊರೂರಿನ ಸಂಘಗಳು ಅವಕ್ಕೆ ಅಂಗಳ ಸಿದ್ಧಮಾಡಿಕೊಂಡವು. ಗದಗವಾಗಲಿ ಹೆಗ್ಗೋಡಾಗಲಿ ವಿಶ್ವವಿದ್ಯಾಲಯವಲ್ಲ. ಆದರೆ ವಿಶ್ವವಿದ್ಯಾಲಯಗಳು ಮಾಡಬೇಕಾದದ್ದನ್ನು ಮಾಡಿ ತೋರಿಸಿದ ತಾಣಗಳು. ಉಡುಪಿಯೂ ಸೇರಿ ಮೂರೂ ಕಡೆ ಸಮಾನವಾದದ್ದು ಹಣವಲ್ಲ, ಕಟ್ಟಡವೂ ಅಲ್ಲ, ಪಟ್ಟು ಹಿಡಿದು ಒಂದೆಡೆ ನಿಂತು ಮಾಡಿದ ಕೆಲಸ.

ಇದು ವಾದದ ಅರ್ಧ. ಉಳಿದ ಅರ್ಧ ಪಡೆಯುವುದಕ್ಕೆ ಸೇರಿದ್ದು. ವಿಸ್ತರಣೆ ಎಂಬ ಮಾತೇ ಕಲೆ ಕ್ಯಾಂಪಸ್ಸಿನಲ್ಲಿದೆ, ಊರಿನಲ್ಲಿಲ್ಲ ಎಂದು ಸೂಚಿಸುತ್ತದೆ. ವಸ್ತುಸ್ಥಿತಿ ಎಷ್ಟೋ ಸಲ ಇದಕ್ಕೆ ತಿರುಗುಮುರುಗು. ಓದು ಬರಹ ಬಾರದ ದರೋಜಿ ಈರಮ್ಮ ಬುರ್ರಕಥೆಯ ಮಹಾಕಾವ್ಯಗಳನ್ನು ನೆನಪಿನಲ್ಲಿ ಹೊತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿ ಕೊಟ್ಟಿತು. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೂ ಆ ಗೌರವ ಸಂದಿತು. ಚಿಕ್ಕಬಳ್ಳಾಪುರ ಸೀಮೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಸನ್ಮಾನ ಒಂದು ಸಂಜೆಯದು, ಪಾಠ ವರ್ಷದ್ದು. ತಮಟೆಯನ್ನೇ ತೆಗೆದುಕೊಳ್ಳಿ. ಬಾರಿಸುವ ಮೊದಲು ಅದನ್ನು ಒಣಹುಲ್ಲಿನ ಉರಿಗೆ ಹಿಡಿದು ಕಾಯಿಸಬೇಕು. ಚರ್ಮದ ತೇವ ಆರಿ ಬಿಗಿಯಾದಂತೆ ನಾದ ಮೇಲೇರುತ್ತದೆ, ಅತಿಯಾದರೆ ಚರ್ಮ ಸಿಡಿಯುತ್ತದೆ. ಕಲಾವಿದ ಬೆರಳಿನಿಂದ ತಟ್ಟಿ ಕಿವಿಗೊಡುತ್ತಾನೆ, ಮತ್ತೆ ಉರಿಗೆ ಹಿಡಿಯುತ್ತಾನೆ, ಮತ್ತೆ ತಟ್ಟುತ್ತಾನೆ. ಬಿಗಿತಕ್ಕೂ ನಾದದ ಎತ್ತರಕ್ಕೂ ಇರುವ ಸಂಬಂಧವನ್ನು ವಿಜ್ಞಾನದ ಪುಸ್ತಕ ಒಂದು ಸಾಲಿನಲ್ಲಿ ಹೇಳುತ್ತದೆ. ಇಲ್ಲಿ ಅದು ಕಣ್ಣೆದುರು, ಕಿವಿಯೆದುರು ನಡೆಯುತ್ತದೆ. ಆ ಕಲಾವಿದ ಅದೇ ಊರಿನ ಶಾಲೆಗೆ ಕೂಗಳತೆಯಲ್ಲಿದ್ದಾನೆ. ಆದರೂ ಜಾತಿ ಅವನನ್ನೂ ಅವನ ವಾದ್ಯವನ್ನೂ ಶತಮಾನಗಳ ಕಾಲ ಊರಾಚೆ ನಿಲ್ಲಿಸಿತು. ಶಾಲೆಯ ಗೇಟಿನೊಳಗೆ ಅವನನ್ನು ಗುರುವೆಂದು ಕರೆಯುವ ಧೈರ್ಯ ಅಲ್ಲಿನ ಮೇಷ್ಟರೊಬ್ಬರಿಗೇ ಬರುವುದು ಕಷ್ಟ. ವಿಶ್ವವಿದ್ಯಾಲಯದ ಅಧಿಕಾರ ಕೆಲಸಕ್ಕೆ ಬರಬೇಕಾದದ್ದು ಇಲ್ಲಿ. ಪ್ರದರ್ಶನ ಕಲೆಯ ವಿದ್ಯಾರ್ಥಿ ಆ ಅಂಗಳದಲ್ಲಿ ಮಕ್ಕಳ ಸಾಲಿನಲ್ಲೇ ಕುಳಿತು ಅವನಿಂದ ತಮಟೆ ಕಲಿಯಬೇಕು, ವಿಭಾಗ ಅವನಿಗೆ ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಸಂಭಾವನೆ ಕೊಡಬೇಕು. ಆ ಊರಿನ ಮಕ್ಕಳು ಅಂದು ಕಾಣುವುದನ್ನು ಯಾವ ಸಮಾಜವಿಜ್ಞಾನದ ಪಾಠವೂ ಅಷ್ಟು ಸ್ಪಷ್ಟವಾಗಿ ಹೇಳಲಾರದು.

ಇದಕ್ಕೆ ಬರುವ ಮೊದಲ ಆಕ್ಷೇಪ ಮಟ್ಟದ್ದು. ವಿಶ್ವವಿದ್ಯಾಲಯದ ಕೆಲಸ ಶ್ರೇಷ್ಠ ಕಲಾವಿದರನ್ನು, ವಿದ್ವಾಂಸರನ್ನು ತಯಾರು ಮಾಡುವುದು. ವಿದ್ಯಾರ್ಥಿಯ ಸಾಧನೆಯ ಸಮಯವನ್ನು ಪ್ರಾಥಮಿಕ ಶಾಲೆಯಲ್ಲಿ ಕಳೆದರೆ ಶಾಸ್ತ್ರ ಸೊರಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸಾಧನೆಗೆ ಏಕಾಂತ ಬೇಕೆಂಬುದು ನಿಜ. ಆದರೆ ನಮ್ಮ ಶ್ರೇಷ್ಠರು ಎಲ್ಲಿಂದ ಬಂದರೆಂದು ನೋಡಬೇಕು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯ ಯಾರ ಹೆಸರು ಹೊತ್ತಿದೆಯೋ ಆ ಗಂಗೂಬಾಯಿ ಹಾನಗಲ್ ಹೆಚ್ಚು ಶಾಲೆ ಕಲಿತವರಲ್ಲ. ತಾಯಿ ಅಂಬಾಬಾಯಿಯ ಹಾಡು ಕೇಳುತ್ತ ಬೆಳೆದರು, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತರು. ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿದ್ದರು. ಈ ಇಬ್ಬರ ಕಿವಿಯನ್ನು ಮೊದಲು ತೆರೆದದ್ದು ಸುತ್ತಲಿನ ಮನೆ, ಊರು, ಕಂಪನಿ. ಆ ಪರಿಸರ ಇಂದು ತೆಳುವಾಗಿದೆ. ಅದನ್ನು ಮತ್ತೆ ಕಟ್ಟದೆ ಶಿಖರಗಳನ್ನು ಮಾತ್ರ ನಿರೀಕ್ಷಿಸುವುದು ಅಡಿಪಾಯವಿಲ್ಲದೆ ಗೋಪುರ ಕೇಳಿದಂತೆ. ಮೇಲಾಗಿ, ಎಂಟು ವರ್ಷದ ಮಗುವಿಗೆ ತ್ರಿಪುಟ ತಾಳ ಹೇಳಿಕೊಡಬೇಕಾದ ವಿದ್ಯಾರ್ಥಿ ತನಗೆ ಗೊತ್ತಿದೆಯೆಂದುಕೊಂಡಿದ್ದನ್ನು ಮತ್ತೆ ಬುಡದಿಂದ ಬಿಡಿಸಿ ನೋಡಬೇಕಾಗುತ್ತದೆ. ಕಲಿಸುವುದೂ ಸಾಧನೆಯ ಒಂದು ಭಾಗವೇ ಹೊರತು ಅದಕ್ಕೆ ಅಡ್ಡಿಯಲ್ಲ.

ಎರಡನೆಯ ಆಕ್ಷೇಪ ಶಾಲೆಗಳದು: ಪಠ್ಯ ಮುಗಿಯಬೇಕು, ಎಸ್ಸೆಸ್ಸೆಲ್ಸಿ ಫಲಿತಾಂಶ ಬರಬೇಕು, ಸಮಯವೆಲ್ಲಿದೆ? ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಫಲಿತಾಂಶ ಕುಸಿದರೆ ಉತ್ತರ ಹೇಳಬೇಕಾದವರು ಮುಖ್ಯೋಪಾಧ್ಯಾಯರೇ. ಅದಕ್ಕೇ ನಾನು ಪ್ರಾರ್ಥನೆಯ ಹೊತ್ತಿನ ಮಾತೆತ್ತಿದ್ದು. ಈಗಾಗಲೇ ನಡೆಯುತ್ತಿರುವ ಪ್ರಾರ್ಥನೆ, ಶಾಲಾ ವಾರ್ಷಿಕೋತ್ಸವ, ಪ್ರತಿಭಾ ಕಾರಂಜಿಯ ತಯಾರಿ, ಕನ್ನಡ ಪಾಠದಲ್ಲಿರುವ ನಾಟಕದ ಓದು, ಇವುಗಳ ಒಳಗೇ ಹೊಕ್ಕು ಅವನ್ನು ಚೆನ್ನಾಗಿಸಿದರೆ ಹೊಸ ವೇಳೆ ಬೇಡುವ ಪ್ರಮೇಯವಿಲ್ಲ. ರಾಷ್ಟ್ರೀಯ ಶಿಕ್ಷಣ ನೀತಿ 2020 ಸ್ಥಳೀಯ ಕಲಾವಿದರನ್ನು ಶಾಲೆಯಲ್ಲಿ ಇರಿಸಿಕೊಳ್ಳುವ, ಕಲೆಯನ್ನು ಪಾಠದೊಡನೆ ಬೆಸೆಯುವ ಮಾತನ್ನು ಹೇಳಿತು. ಕರ್ನಾಟಕ ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿದ್ದೂ ಉಂಟು. ನೀತಿಯ ಕೊರತೆ ಇಲ್ಲಿಲ್ಲ. ನೀತಿಗೂ ಅಂಗಳಕ್ಕೂ ನಡುವೆ ದಿನವೂ ನಡೆದಾಡುವ ಕಾಲುಗಳ ಕೊರತೆ ಇದೆ, ಆ ಕಾಲುಗಳು ವಿಶ್ವವಿದ್ಯಾಲಯದಲ್ಲಿವೆ.

ಮೂರನೆಯ ಆಕ್ಷೇಪವೇ ಗಂಭೀರವಾದದ್ದು. ವಿದ್ಯಾವಂತರು ಕೈಯಿಟ್ಟರೆ ಜನರ ಕಲೆ ಕೆಡುತ್ತದೆ. ಅದನ್ನು ಕತ್ತರಿಸಿ, ತೊಳೆದು, ವೇದಿಕೆಗೆ ತಕ್ಕಂತೆ ಮಾಡುತ್ತಾರೆ, ದೇವರಿಗೂ ದುಡಿಮೆಗೂ ಇದ್ದ ನಂಟು ಕಳಚಿ ಬಣ್ಣದ ಉಡುಪು ಮಾತ್ರ ಉಳಿಯುತ್ತದೆ ಎನ್ನುತ್ತಾರೆ. ಈ ಅಂಜಿಕೆಗೆ ಆಧಾರವಿದೆ. ಡೊಳ್ಳು ಬೀರಪ್ಪನ ಗುಡಿಯಲ್ಲಿ ಒಂದು, ಮೆರವಣಿಗೆಯಲ್ಲಿ ಇನ್ನೊಂದು. ಕಾರಂತರಂಥ ಕಾರಂತರು ಯಕ್ಷಗಾನದ ಅವಧಿ ಇಳಿಸಿ, ಪಿಟೀಲು, ಸ್ಯಾಕ್ಸೋಫೋನುಗಳನ್ನು ತಂದು ಯಕ್ಷರಂಗವನ್ನು ರೂಪಿಸಿದಾಗಲೂ ಬಿಸಿ ಚರ್ಚೆ ನಡೆಯಿತು. ಆದರೆ ಗಮನಿಸಿ, ಕಾರಂತರು ಹೊರಗಿನಿಂದ ಒಂದು ದಿನ ಬಂದು ಹೋದವರಲ್ಲ. ದಶಕಗಳ ಕಾಲ ಮೇಳಗಳನ್ನು ನೋಡಿ, ಹಳೆಯ ವೇಷ, ಹಾಡು, ಹೆಜ್ಜೆಗಳನ್ನು ಕೆದಕಿ ಬರೆದವರು. ಅವರನ್ನು ಒಪ್ಪದವರಿಗೂ ಎದುರಿಟ್ಟು ವಾದಿಸಲು ಅವರ ಬರಹವಿತ್ತು. ಕಲೆಯನ್ನು ಹೆಚ್ಚು ಕೆಡಿಸುವುದು ಅವಸರದ ಭೇಟಿ. ಒಂದು ಗಂಟೆಯಲ್ಲಿ ತೋರಿಸಬೇಕೆಂದಾಗಲೇ ಎಲ್ಲವೂ ಐದು ನಿಮಿಷದ ತುಣುಕಾಗುವುದು. ವರ್ಷಗಟ್ಟಲೆ ಅದೇ ಊರಿಗೆ ಹೋಗುವವನಿಗೆ ಕಲಾವಿದ ಮುಖಕ್ಕೆ ಮುಖ ಕೊಟ್ಟು ಇದು ಸರಿಯಲ್ಲ ಎನ್ನಬಲ್ಲ. ಆ ಮಾತು ಹೇಳುವ ಅಧಿಕಾರ ಕಲಾವಿದನಿಗಿರಬೇಕಾದರೆ ಅವನು ಗುರುವಿನ ಪೀಠದಲ್ಲಿರಬೇಕು. ದತ್ತಿಯ ಮೂಲಧನಕ್ಕೆ ಕೈ ಹಚ್ಚಬಾರದೆಂಬ ನಿಯಮಕ್ಕೆ ಇಲ್ಲಿರುವ ಅರ್ಥ ಇದು.

ಕೊನೆಯ ಆಕ್ಷೇಪ ಲೆಕ್ಕದ್ದು. ರಾಜ್ಯದಲ್ಲಿ ಸರ್ಕಾರಿ ಶಾಲೆಗಳೇ ನಲವತ್ತು ಸಾವಿರಕ್ಕೂ ಹೆಚ್ಚು. ಒಂದು ವಿಭಾಗ ಐದು ಶಾಲೆ ಹಿಡಿದು ಕುಳಿತರೆ ಉಳಿದ ಮಕ್ಕಳ ಪಾಡೇನು? ನ್ಯಾಯವಾದ ಪ್ರಶ್ನೆ. ಆದರೆ ಒಂದೊಂದು ಗಂಟೆಯ ಭೇಟಿಯಿಂದಲೂ ನಲವತ್ತು ಸಾವಿರ ಮುಟ್ಟುವುದಿಲ್ಲ. ಮುಟ್ಟಿದಂತೆ ಕಾಣುತ್ತದೆ, ಅಷ್ಟೇ. ಐದು ಶಾಲೆಗಳಲ್ಲಿ ಹತ್ತು ವರ್ಷ ನಡೆದ ಕೆಲಸ ಬೇರೆಯವರು ಬಂದು ನೋಡಿ ಕಲಿಯಬಹುದಾದ ಮಾದರಿಯಾಗುತ್ತದೆ. ಅಲ್ಲಿ ಜೊತೆಗಿದ್ದು ಕಲಿತ ಶಾಲಾ ಮೇಷ್ಟರು ವರ್ಗವಾಗಿ ಹೋದ ಊರಿಗೆ ಅದನ್ನು ಒಯ್ಯುತ್ತಾರೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ, ಮೈಸೂರಿನಲ್ಲಿ ಸಂಗೀತ ವಿಶ್ವವಿದ್ಯಾಲಯವಿದೆ, ಬೆಂಗಳೂರು, ಧಾರವಾಡ, ಹಂಪಿ, ಮಂಗಳೂರುಗಳಲ್ಲಿ ಕಲಾ ವಿಭಾಗಗಳು, ಅಧ್ಯಯನ ಕೇಂದ್ರಗಳಿವೆ. ಪ್ರತಿಯೊಂದೂ ತನ್ನ ಕಾಲ್ನಡಿಗೆಯ, ಸೈಕಲ್ಲಿನ ದೂರದಲ್ಲಿರುವ ಶಾಲೆಗಳಿಂದ ಶುರುಮಾಡಿದರೆ ಸಾಕು. ಎಷ್ಟೋ ಕ್ಯಾಂಪಸ್ಸುಗಳ ಕಾಂಪೌಂಡಿಗೆ ಅಂಟಿಕೊಂಡ ಶಾಲೆಗೇ ನಾವಿನ್ನೂ ಹೋಗಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಎನ್ನೆಸ್ಸೆಸ್ 1969ರಿಂದ ಹಳ್ಳಿಯನ್ನು ದತ್ತು ತೆಗೆದುಕೊಳ್ಳುವ, ಏಳು ದಿನ ಅಲ್ಲೇ ತಂಗುವ ರೂಢಿಯನ್ನು ನಮಗೆ ಕೊಟ್ಟಿದೆ. ಎಂಟನೆಯ ದಿನದಿಂದ ಮುಂದಿನದನ್ನು ಪ್ರದರ್ಶನ ಕಲೆಯ ವಿಭಾಗಗಳು ಕಟ್ಟಬೇಕು. ಶಾಲೆಯ ಕೆಲಸ ಪಠ್ಯೇತರ ಚಟುವಟಿಕೆಯಾಗಿರದೆ ಪದವಿಯ ಕಡ್ಡಾಯ ಪತ್ರಿಕೆಯಾಗಲಿ, ಅದಕ್ಕೆ ಅಂಕವಿರಲಿ. ಒಂದು ತಂಡ ಪದವಿ ಮುಗಿಸಿ ಹೊರಟಾಗ ಮುಂದಿನ ತಂಡ ಅದೇ ಶಾಲೆಯ ಅದೇ ಮಕ್ಕಳನ್ನು ವಹಿಸಿಕೊಳ್ಳಲಿ. ಊರಿನ ಕಲಾವಿದರ ಸಂಭಾವನೆ ವಿಭಾಗದ ಆಯವ್ಯಯದಲ್ಲೇ ಇರಲಿ, ಪ್ರಾಯೋಜಕರ ದಯೆಗೆ ಬಿಡುವುದು ಬೇಡ. ಪದವಿಯ ಒಂದು ಪ್ರಾಯೋಗಿಕ ಪರೀಕ್ಷೆ ಶಾಲೆಯ ಅಂಗಳದಲ್ಲಿ, ಊರಿನ ಎದುರು, ಆ ಕಲಾವಿದರು ಪರೀಕ್ಷಕರಾಗಿ ಕುಳಿತು ನಡೆಯಲಿ. ಇದಾವುದಕ್ಕೂ ಹೊಸ ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ. ಅಧ್ಯಯನ ಮಂಡಳಿಯ ಒಂದು ನಿರ್ಣಯ ಸಾಕು.

ಇನ್ನು ಈ ಕೆಲಸವನ್ನು ಅಳೆಯುವ ಲೆಕ್ಕದ ಪ್ರಶ್ನೆ. ನಮ್ಮ ಊರುಗಳಲ್ಲಿ ಜಾತ್ರೆ ಯಾವ ತಿಂಗಳೆಂದು ಕರಪತ್ರ ಹಂಚಿ ತಿಳಿಸಬೇಕಾಗಿಲ್ಲ. ಮಕ್ಕಳು ಹುಣ್ಣಿಮೆ ಎಣಿಸಿ ಹೇಳುತ್ತಾರೆ. ಈ ಉಪನ್ಯಾಸದ ದಿನವೂ ಹಾಗೆ ನಿಮ್ಮ ಪಂಚಾಂಗದಲ್ಲಿ ಸೇರಿಹೋಗಲಿ ಎಂದೇ ದತ್ತಿ ಕೊಟ್ಟವರು ಮೂಲಧನ ಇಟ್ಟಿದ್ದಾರೆ. ಕಲಾ ವಿಭಾಗವೊಂದರ ವಿಸ್ತರಣೆಯನ್ನು ಅಳೆಯಬೇಕಾಗಿ ಬಂದರೆ ಕಾರ್ಯಕ್ರಮಗಳ ಪಟ್ಟಿಯನ್ನು ಬದಿಗಿಟ್ಟು ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ ಐದನೆಯ ತರಗತಿಯ ಒಂದು ಮಗುವನ್ನು ಕೇಳಬೇಕು: ಅಣ್ಣ, ಅಕ್ಕಂದಿರು ಮತ್ತೆ ಯಾವಾಗ ಬರುತ್ತಾರೆ? ಆ ಮಗು ತಡವರಿಸದೆ ವಾರದ ಹೆಸರು ಹೇಳಿದರೆ ಆ ವಿಶ್ವವಿದ್ಯಾಲಯ ಊರಿಗೆ ಸೇರಿದೆ ಎಂದು ಬರೆದುಕೊಳ್ಳಬಹುದು.